ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿತ್ರೀಕರಣದಲ್ಲಿ ಮೊದಲ ದಿನದ ಕೆಲಸ

ಮೇಲುಕೋಟೆ, ಮಹದೇವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಸಾಗರಗಳ ಸುತ್ತಮುತ್ತ ಕ್ಯಾಮೆರಾ ಕಂಡು ಬೆರಗಾಗುವ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಕಂಡದ್ದರಲ್ಲಿ ಕೈಹಾಕುವ ಆಸೆ ಮಾತ್ರ ಹೋಗಿಲ್ಲ. ಸಿನಿಮಾದಲ್ಲಿ ಸಣ್ಣದೊಂದು ಕೆಲಸ ಸಿಗುವುದು ಹೇಗೆ ಎಂದು ಕೇಳಿ ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಿಂದ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದೆ. ಉತ್ತರದಲ್ಲಿ ನನ್ನ ಸ್ವಂತ ಅನುಭವವೂ ಅಲ್ಲಲ್ಲಿ ಇಣುಕುವುದರಿಂದ ಒಂದು ಮಾತನ್ನು ಮೊದಲೇ ತಿಳಿಸುತ್ತೇನೆ: ನಾನು ಬಹಳ ವರ್ಷ ನಿರ್ಮಾಣ ವಿಭಾಗದಲ್ಲಿ ದುಡಿದು ಈಗ ಮೈಸೂರಿನಲ್ಲಿ ನೆಲೆಸಿರುವವನು, ನನ್ನ ಕಣ್ಣು ಪರದೆಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದ ಕಡೆಗೇ ಹೋಗುತ್ತದೆ.

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು. ವಯಸ್ಸು 23, ಬಿ.ಕಾಂ. ಮುಗಿದಿದೆ. ಕಳೆದ ತಿಂಗಳು ಮೇಲುಕೋಟೆಗೆ ಹೋಗಿದ್ದಾಗ ಕಲ್ಯಾಣಿಯ ಬಳಿ ಚಿತ್ರೀಕರಣ ನಡೆಯುತ್ತಿತ್ತು. ನೋಡುತ್ತ ನಿಂತಿದ್ದ ನಮ್ಮಲ್ಲಿ ಐದಾರು ಜನರನ್ನು ಕರೆದು ಮೆಟ್ಟಿಲ ಮೇಲೆ ಓಡಾಡಲು ಹೇಳಿದರು. ಮಧ್ಯಾಹ್ನ ಊಟ ಹಾಕಿ, ಸಂಜೆ ಸ್ವಲ್ಪ ಹಣವನ್ನೂ ಕೊಟ್ಟರು. ಅಂದಿನಿಂದ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಜೂನಿಯರ್ ಆರ್ಟಿಸ್ಟ್ ಆಗಿ ಸೇರಿಕೊಂಡರೆ ಮುಂದೆ ನಟನಾಗಬಹುದೇ? ಅಥವಾ ಕ್ಯಾಮೆರಾ, ನಿರ್ದೇಶನ ಎಂದು ತಂತ್ರಜ್ಞರ ಕಡೆ ಹೋಗಬೇಕೇ? ಬೆಂಗಳೂರಿಗೆ ಹೋಗಲೇಬೇಕೇ? ಮನೆಯಲ್ಲಿ ಎರಡು ಎಕರೆ ಕಬ್ಬು ಇದೆ, ಅಪ್ಪ ಒಬ್ಬರೇ ನೋಡಿಕೊಳ್ಳುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಸೆಗಳು ಒಂದರೊಳಗೊಂದು ಸೇರಿಕೊಂಡಿವೆ, ಅವನ್ನು ಬಿಡಿಸಿ ನೋಡದೆ ಮುಂದೆ ಹೋಗುವಂತಿಲ್ಲ. ಜೂನಿಯರ್ ಆರ್ಟಿಸ್ಟ್ ಕೆಲಸವನ್ನು ನಟನೆಯ ಮೊದಲ ಮೆಟ್ಟಿಲೆಂದು ಎಲ್ಲರೂ ಭಾವಿಸುತ್ತಾರೆ. ನಾನು ಕಂಡ ಮಟ್ಟಿಗೆ ಅದು ಮೆಟ್ಟಿಲಲ್ಲ, ಮರ್ಯಾದೆಯ ದಿನಗೂಲಿ. ಕಾರಣ ಆ ಕೆಲಸದ ಗುಣದಲ್ಲೇ ಇದೆ. ಸಂತೆಯಲ್ಲಿ ಹಿಂದೆ ನಡೆದುಹೋಗುವವನ ಮೇಲೆ ಪ್ರೇಕ್ಷಕನ ಕಣ್ಣು ನಿಲ್ಲಬಾರದು, ನಿಂತರೆ ದೃಶ್ಯ ಕೆಟ್ಟಿತೆಂದೇ ಅರ್ಥ. ಒಂದು ದೃಶ್ಯದಲ್ಲಿ ಮುಖ ಎದ್ದು ಕಂಡವನನ್ನು ಅದೇ ಚಿತ್ರದ ಇನ್ನೊಂದು ಊರಿನ ದೃಶ್ಯದಲ್ಲಿ ನಿಲ್ಲಿಸಲು ಬರುವುದಿಲ್ಲವಾದ್ದರಿಂದ, ಕೆಲಸ ಹೆಚ್ಚು ಸಿಗುವುದು ನೆನಪಿನಲ್ಲಿ ಉಳಿಯದ ಮುಖಕ್ಕೆ. ನಿರ್ದೇಶಕರು ಮಾನಿಟರ್ ಮುಂದೆ ದೂರದಲ್ಲಿ ಕುಳಿತಿರುತ್ತಾರೆ. ಅವರ ಪಾಲಿಗೆ ನೀವು ‘ಆ ನೀಲಿ ಅಂಗಿ’ ಅಷ್ಟೇ. ನಿಜವಾಗಿ ನಟನಾಗಬೇಕೆಂದಿದ್ದರೆ ದಾರಿ ರಂಗಭೂಮಿಯದು, ಅದೂ ನಿಮಗೆ ಹತ್ತಿರದಲ್ಲೇ ಇದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ ಮೈಸೂರಿನ ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಮಂಡ್ಯ ರಮೇಶ್ ಅವರು ಕಟ್ಟಿದ ನಟನ ರಂಗಶಾಲೆ ರಾಮಕೃಷ್ಣನಗರದಲ್ಲಿದೆ. ಮಾತಿರುವ ಸಣ್ಣ ಪಾತ್ರಕ್ಕೆ ಜನ ಬೇಕಾದಾಗ ನಿರ್ದೇಶನ ವಿಭಾಗದವರು ಮೊದಲು ವಿಚಾರಿಸುವುದು ಇಂಥ ತಂಡಗಳಲ್ಲಿಯೇ ಹೊರತು ಗುಂಪಿನ ಹಿಂದಿನ ಸಾಲಿನಲ್ಲಲ್ಲ.

ಆದರೂ ಹತ್ತು ಹದಿನೈದು ದಿನ ಜೂನಿಯರ್ ಆರ್ಟಿಸ್ಟ್ ಆಗಿ ದುಡಿದು ನೋಡಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಸೆಟ್ ಹೇಗೆ ನಡೆಯುತ್ತದೆ ಎಂಬುದನ್ನು ಹಣ ಕೊಟ್ಟು ಕಲಿಸುವ ಜಾಗ ಬೇರೆ ಇಲ್ಲ. ಆ ಕೆಲಸ ಬರುವ ದಾರಿ ಹೀಗಿದೆ. ನಾಳೆ ಜಾತ್ರೆಯ ದೃಶ್ಯಕ್ಕೆ 80 ಜನ ಬೇಕೆಂದು ನಿರ್ದೇಶನ ವಿಭಾಗ ಪ್ರೊಡಕ್ಷನ್ ಮ್ಯಾನೇಜರ್‌ಗೆ ತಿಳಿಸುತ್ತದೆ. ಅವರು ಗುಂಪಿಗೆ ಜನರನ್ನು ಒದಗಿಸುವ ಏಜೆಂಟರಿಗೆ ಹೇಳುತ್ತಾರೆ. ಏಜೆಂಟರು ರಾತ್ರಿ ಎಂಟೋ ಒಂಬತ್ತೋ ಗಂಟೆಗೆ ತಮ್ಮ ಪಟ್ಟಿಯಲ್ಲಿರುವವರಿಗೆಲ್ಲ ಕರೆ ಮಾಡುತ್ತಾರೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಜನರನ್ನು ಕರೆತಂದರೆ ಖರ್ಚು ಹೆಚ್ಚಾಗುವುದರಿಂದ ಮೇಲುಕೋಟೆ, ಮಹದೇವಪುರಗಳಂಥ ಕಡೆ ಸ್ಥಳೀಯರನ್ನೇ ಸೇರಿಸಿಕೊಳ್ಳುವುದುಂಟು. ಚಿತ್ರತಂಡಕ್ಕೆ ಮನೆ, ಎತ್ತಿನಗಾಡಿ, ದನಕರು, ಟ್ರ್ಯಾಕ್ಟರ್ ಒದಗಿಸಿಕೊಡುವ ಒಬ್ಬಿಬ್ಬರು ಇಂಥ ಊರುಗಳಲ್ಲಿ ಇದ್ದೇ ಇರುತ್ತಾರೆ. ಚಹಾದಂಗಡಿಯಲ್ಲಿ ಕೇಳಿದರೆ ಅವರ ಮನೆ ತೋರಿಸುತ್ತಾರೆ. ನೀವು ಹೋಗಬೇಕಾದದ್ದು ಸದ್ಯಕ್ಕೆ ಸಿನಿಮಾ ಕಚೇರಿಗಳಿರುವ ಬೆಂಗಳೂರಿನ ಗಾಂಧಿನಗರಕ್ಕಲ್ಲ, ಆ ಮನೆಗೆ. ಸ್ಟುಡಿಯೊಗೆ ಹೋಗಿ ಸಾವಿರಾರು ರೂಪಾಯಿ ಸುರಿದು ಆಲ್ಬಮ್ ಮಾಡಿಸಬೇಡಿ. ಹಗಲ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದ ಮೂರು ಚಿತ್ರಗಳು, ಅಂದರೆ ಮುಖ ನೇರವಾಗಿ ಒಂದು, ಪಕ್ಕದಿಂದ ಒಂದು, ತಲೆಯಿಂದ ಪಾದದವರೆಗೆ ಒಂದು, ಮತ್ತು ನಿಮ್ಮ ವಯಸ್ಸು, ಎತ್ತರ, ಊರು, ಬರುವ ಭಾಷೆಗಳು ಸಾಕು. ಟ್ರ್ಯಾಕ್ಟರ್ ಓಡಿಸಬಲ್ಲಿರಾದರೆ, ಗಾಡಿ ಕಟ್ಟಬಲ್ಲಿರಾದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನಿಮಗೆ ಅದು ದೊಡ್ಡ ವಿಷಯವೆನಿಸದಿರಬಹುದು. ನೇಗಿಲು ಹಿಡಿಯಲು ಬಾರದ ಪಟ್ಟಣದ ಹುಡುಗನಿಂದ ಉಳುವ ದೃಶ್ಯ ತೆಗೆಸಿ ಅರ್ಧ ದಿನ ಕಳೆದುಕೊಂಡ ಮ್ಯಾನೇಜರ್‌ಗೆ ಅದು ದೊಡ್ಡದೇ.

ಸೆಟ್ಟಿಗೆ ಹೋದ ದಿನ ನಿಮ್ಮನ್ನು ಉಳಿದವರಿಂದ ಬೇರ್ಪಡಿಸುವುದು ಸಣ್ಣ ಸಂಗತಿಗಳು. ಅಚ್ಚ ಬಿಳಿ ಅಂಗಿ ಬೆಳಕಿನಲ್ಲಿ ಕಣ್ಣು ಕುಕ್ಕುತ್ತದೆ. ಸಣ್ಣ ಗೀರುಗಳ ಬಟ್ಟೆ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ನಡುಗುತ್ತದೆ. ಎದೆಯ ಮೇಲೆ ಕಂಪನಿಯ ಹೆಸರಿರುವ ಟೀ ಶರ್ಟನ್ನು ವಸ್ತ್ರ ವಿಭಾಗದವರು ನೋಡಿದ ಕೂಡಲೇ ಬದಲಿಸಲು ಹೇಳುತ್ತಾರೆ. ಮಾಸಲು ಬಣ್ಣದ ಎರಡು ಜೊತೆ ಬಟ್ಟೆ ಚೀಲದಲ್ಲಿರಲಿ. ‘ಪಾಸಿಂಗ್’ ಎಂದರೆ ಕ್ಯಾಮೆರಾದ ಮುಂದೆಯೋ ಹಿಂದೆಯೋ ಹಾದುಹೋಗುವುದು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವಾಗ ಒಂದೊಂದು ಸಲವೂ ಒಂದು ಟೇಕ್. ಒಂದು ಟೇಕಿನಲ್ಲಿ ಯಾವ ಮಾತು ಕೇಳಿದಾಗ ಹೊರಟಿರೋ, ಯಾವ ನಡಿಗೆಯಲ್ಲಿ ಹೋದಿರೋ, ಕೈಯಲ್ಲಿ ಏನು ಹಿಡಿದಿದ್ದಿರೋ, ಏಳನೆಯ ಟೇಕಿನಲ್ಲೂ ಹಾಗೆಯೇ ಮಾಡಬೇಕು. ಸಂಕಲನಕಾರರು ಎರಡನೆಯ ಟೇಕಿನ ಅರ್ಧಕ್ಕೆ ಏಳನೆಯದರ ಅರ್ಧವನ್ನು ಜೋಡಿಸಿದಾಗ ನೀವು ಒಂದು ಕ್ಷಣ ಎಡಕ್ಕೂ ಮರುಕ್ಷಣ ಬಲಕ್ಕೂ ಕಾಣಿಸಿಕೊಂಡರೆ ಆ ಜೋಡಣೆಯೇ ಹಾಳು. ಸ್ಥಳದಲ್ಲೇ ಧ್ವನಿ ಹಿಡಿಯುವ ಚಿತ್ರವಾದರೆ ಹಿಂದಿರುವವರು ತುಟಿ ಆಡಿಸಬೇಕೇ ಹೊರತು ಸದ್ದು ಮಾಡಬಾರದು. ಕ್ಯಾಮೆರಾವನ್ನು ನೋಡಬಾರದು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನಾಯಕನನ್ನೂ ನೋಡುತ್ತ ನಿಲ್ಲಬಾರದು ಎಂಬುದನ್ನು ಯಾರೂ ಹೇಳುವುದಿಲ್ಲ.

ಇನ್ನು ಕಂಟಿನ್ಯೂಟಿ, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ದಿನ ತೆಗೆದರೂ ವೇಷ, ರೂಪ ಬದಲಾಗದಂತೆ ನೋಡಿಕೊಳ್ಳುವುದು. ಒಮ್ಮೆ ಪಂಚಾಯಿತಿ ಕಟ್ಟೆಯ ದೃಶ್ಯವನ್ನು ಎರಡು ದಿನ ತೆಗೆಯಬೇಕಾಗಿತ್ತು. ಮೊದಲ ದಿನ ಮುಂದಿನ ಸಾಲಿನಲ್ಲಿ ಕುಳಿತಿದ್ದ, ವಾರದ ನರೆಗಡ್ಡ ಬಿಟ್ಟಿದ್ದ ಹಿರಿಯರೊಬ್ಬರು ಎರಡನೆಯ ದಿನ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ತಲೆಗೆ ಬಣ್ಣ ಹಚ್ಚಿ, ಹೊಸ ಪಂಚೆ ಉಟ್ಟು ಬಂದರು. ಕೇಳಿದರೆ, ‘ಸಿನಿಮಾದಲ್ಲಿ ಚೆನ್ನಾಗಿ ಕಾಣಲಿ ಅಂತ ಸೊಸೆ ಹೇಳಿದಳು’ ಎಂದರು. ಅವರನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ. ಬೇರೊಬ್ಬರ ಬೆನ್ನನ್ನು ಅಡ್ಡವಿಟ್ಟು ದೃಶ್ಯ ಮುಗಿಸಿದೆವು. ತಪ್ಪು ಅವರದಲ್ಲ, ಹಿಂದಿನ ಸಂಜೆ ಅವರಿಗೆ ಹೇಳದೆ ಕಳಿಸಿದ ನಮ್ಮದು. ಪ್ಯಾಕಪ್ ಆಗಿ ದಿನದ ಚಿತ್ರೀಕರಣ ಮುಗಿದ ಮೇಲೆ ‘ನಾಳೆಯೂ ಇದೇ ದೃಶ್ಯವೇ?’ ಎಂದು ಕೇಳಿ ಮನೆಗೆ ಹೋಗುವವನ ಹೆಸರು ಸಹಾಯಕ ನಿರ್ದೇಶಕರ ನೆನಪಿನಲ್ಲಿ ಉಳಿಯುತ್ತದೆ.

ಈಗ ತಂತ್ರಜ್ಞರ ಕಡೆಯ ಮಾತು. ನಿಮ್ಮ ವಯಸ್ಸಿನವರೆಲ್ಲ ಕ್ಯಾಮೆರಾ ಅಥವಾ ನಿರ್ದೇಶನ ಎನ್ನುತ್ತಾರೆ, ಬಾಗಿಲ ಬಳಿ ನೂಕುನುಗ್ಗಲು ಇರುವುದೂ ಅಲ್ಲೇ. ನೀವು ಬಿ.ಕಾಂ. ಓದಿದವರು, ನಿರ್ಮಾಣ ವಿಭಾಗದ ಲೆಕ್ಕ ನೋಡಿಕೊಳ್ಳುವವರ ಕೈಕೆಳಗೆ ಸೇರಿ ಎಂಬುದು ನನ್ನ ನೇರ ಸಲಹೆ. ಚಿತ್ರೀಕರಣದಲ್ಲಿ ದಿನವೂ ಊಟ, ಡೀಸೆಲ್, ಬಾಡಿಗೆ ವಾಹನ, ಬಾಟಾ (ದಿನಭತ್ಯೆ), ಸ್ಥಳದ ಬಾಡಿಗೆ, ಹೂವು, ಬಾಳೆಎಲೆ ಎಂದು ಹತ್ತಾರು ಕೈಗಳಿಗೆ ನಗದು ಹೋಗುತ್ತದೆ. ಅದಕ್ಕೆ ವೋಚರ್ ಬರೆಸಿ, ಜಿಎಸ್‌ಟಿ ಬಿಲ್ಲು ಬೇರೆ, ಚೀಟಿ ಬೇರೆ ಮಾಡಿ, ರಾತ್ರಿ ಮಲಗುವ ಮೊದಲು ನಿರ್ಮಾಪಕರಿಗೆ ದಿನದ ಖರ್ಚಿನ ಪಟ್ಟಿ ಕಳಿಸುವ ನಂಬಿಗಸ್ತ ಹುಡುಗ ಸಿಗುವುದು ಕಷ್ಟ. ಈ ಕೆಲಸದಲ್ಲಿ ಮೆರುಗಿಲ್ಲ, ಒಪ್ಪುತ್ತೇನೆ. ಆದರೆ ಯಾವ ವಿಭಾಗಕ್ಕೆ ಯಾರು ಬೇಕು, ಯಾವಾಗ ಬೇಕು, ಯಾರು ಕೈಕೊಟ್ಟರು ಎಂಬುದೆಲ್ಲ ಮೊದಲು ತಿಳಿಯುವುದು ನಿರ್ಮಾಣ ವಿಭಾಗಕ್ಕೆ. ಅಲ್ಲಿ ಆರು ತಿಂಗಳು ಇದ್ದವನು ಮುಂದೆ ತನಗೆ ಬೇಕಾದ ವಿಭಾಗಕ್ಕೆ ದಾಟುವುದು ಹೊರಗಿನಿಂದ ಬಂದು ಬಾಗಿಲು ತಟ್ಟುವುದಕ್ಕಿಂತ ಸುಲಭ.

ನಿರ್ದೇಶನ ವಿಭಾಗವೇ ಬೇಕೆಂದಿದ್ದರೆ, ಯೂನಿಕೋಡ್‌ನಲ್ಲಿ ತಪ್ಪಿಲ್ಲದ ಕನ್ನಡವನ್ನು ವೇಗವಾಗಿ ಟೈಪ್ ಮಾಡುವುದನ್ನು ಕಲಿಯಿರಿ. ಸಂಭಾಷಣೆ ಸೆಟ್ಟಿನಲ್ಲೇ ಬದಲಾಗುತ್ತಿರುತ್ತದೆ. ಹತ್ತು ನಿಮಿಷದಲ್ಲಿ ತಿದ್ದಿದ ಪ್ರತಿಯನ್ನು ಕಲಾವಿದರ ಕೈಗಿಡಬಲ್ಲ ಸಹಾಯಕನನ್ನು ಯಾರೂ ಬಿಟ್ಟುಕೊಡುವುದಿಲ್ಲ. ಕ್ಯಾಮೆರಾ ಮತ್ತು ಲೈಟುಗಳ ದಾರಿ ಬೇರೆ. ಅವು ಉಪಕರಣಗಳನ್ನು ಬಾಡಿಗೆಗೆ ಕೊಡುವ ಯೂನಿಟ್‌ಗಳಿಂದ ಬರುತ್ತವೆ, ಜೊತೆಯಲ್ಲಿ ಅವುಗಳನ್ನು ನೋಡಿಕೊಳ್ಳುವ ಹುಡುಗರೂ ಬರುತ್ತಾರೆ. ಆದ್ದರಿಂದ ಅಲ್ಲಿ ಸೇರುವುದೆಂದರೆ ಮೊದಲು ಯೂನಿಟ್‌ಗೆ ಸೇರುವುದು, ಅಂದರೆ ಬೆಂಗಳೂರು. ಶಾಸ್ತ್ರೀಯವಾಗಿ ಕಲಿಯುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾಗಳಿವೆ. ಅದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಛಾಯಾಗ್ರಹಣ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರಾದರು.

ಕಬ್ಬಿನ ವಿಷಯಕ್ಕೆ ಬಂದರೆ, ಅದನ್ನು ಬಿಡಬೇಡಿ. ಚಿತ್ರರಂಗದಲ್ಲಿ ಒಂದು ಚಿತ್ರದ ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದ ಮೇಲೆ ಇನ್ನೊಂದರ ಮುಹೂರ್ತಕ್ಕೆ ಎಷ್ಟು ದಿನ ಕಾಯಬೇಕೆಂದು ಹೇಳಲು ಬರುವುದಿಲ್ಲ. ಆ ಖಾಲಿ ತಿಂಗಳುಗಳೇ ಎಷ್ಟೋ ಹುಡುಗರನ್ನು ಊರಿಗೆ ವಾಪಸ್ಸು ಕಳಿಸಿವೆ. ಮೊದಲ ಒಂದು ವರ್ಷ ನಿಮ್ಮ ಜಿಲ್ಲೆಯಲ್ಲಿ ನಡೆಯುವ ಚಿತ್ರೀಕರಣಗಳಲ್ಲಿ ಮಾತ್ರ ದುಡಿಯಿರಿ. ಊರಿನಿಂದ ಬೈಕಿನಲ್ಲಿ ಹೋಗಿ ಬರುವವನಿಗೆ ಉಳಿದುಕೊಳ್ಳುವ ಖರ್ಚಿಲ್ಲ, ಮ್ಯಾನೇಜರ್‌ಗೂ ಅದು ಲಾಭವೇ. ಮೂರು ಚಿತ್ರಗಳ ಮ್ಯಾನೇಜರ್‌ಗಳು ನಿಮ್ಮನ್ನು ಹೆಸರು ಹಿಡಿದು ಕರೆಯುವಂತಾದ ಮೇಲೆ ಬೆಂಗಳೂರಿನಲ್ಲಿ ಕೋಣೆ ಹುಡುಕಿದರೆ ಸಾಕು.

ಪ್ರಶ್ನೆ: ನಾನು ಮೈಸೂರಿನ ಗೃಹಿಣಿ, ವಯಸ್ಸು 44. ಮದುವೆಮನೆ, ದೇವಸ್ಥಾನಗಳ ದೃಶ್ಯಗಳಿಗೆ ಹೆಂಗಸರು ಬೇಕಾಗಿದ್ದಾರೆ, 6,000 ರೂಪಾಯಿ ಕಟ್ಟಿ ನೋಂದಾಯಿಸಿಕೊಂಡರೆ ಗುರುತಿನ ಚೀಟಿ ಕೊಟ್ಟು ತಿಂಗಳಿಗೆ 15 ದಿನ ಕೆಲಸ ಖಚಿತವಾಗಿ ಕೊಡುತ್ತೇವೆ ಎಂದು ಒಬ್ಬರು ವಾಟ್ಸ್ಆಪ್‌ನಲ್ಲಿ ತಿಳಿಸಿದ್ದಾರೆ. ಪಕ್ಕದ ಮನೆಯವರೂ ನಾನೂ ಜೊತೆಯಾಗಿ ಸೇರೋಣವೆಂದಿದ್ದೇವೆ. ಹಣ ಕಟ್ಟಬಹುದೇ? ಹೆಂಗಸರು ಏನೇನು ಎಚ್ಚರಿಕೆ ವಹಿಸಬೇಕು?

ಉತ್ತರ: ಕಟ್ಟಬೇಡಿ ತಾಯಿ. ಈ ಕೆಲಸದಲ್ಲಿ ಹಣ ನಿರ್ಮಾಪಕರ ಕಡೆಯಿಂದ ನಿಮ್ಮ ಕಡೆಗೆ ಬರಬೇಕು, ಏಜೆಂಟರ ಕಮಿಷನ್ನೂ ಆ ಹಣದಿಂದಲೇ ಹುಟ್ಟುತ್ತದೆ. ಕೆಲಸಕ್ಕೆ ಮೊದಲು ನಿಮ್ಮಿಂದ ಹಣ ಕೇಳುವವನ ಆದಾಯ ಆ ನೋಂದಣಿಯೇ ಹೊರತು ಸಿನಿಮಾ ಅಲ್ಲ. ತಿಂಗಳಿಗೆ 15 ದಿನ ಖಚಿತ ಎಂಬ ಮಾತೇ ಸುಳ್ಳಿನ ಗುರುತು. ಮುಂದಿನ ವಾರದ ವೇಳಾಪಟ್ಟಿಯೇ ಮಳೆಗೋ ನಾಯಕನ ಕಾಲ್‌ಶೀಟ್‌ಗೋ, ಅಂದರೆ ಅವನು ಕೊಟ್ಟ ದಿನಗಳಿಗೋ, ಬದಲಾಗುತ್ತಿರುವಾಗ ಮುಂದಿನ ತಿಂಗಳನ್ನು ಖಚಿತಪಡಿಸಬಲ್ಲವರು ಚಿತ್ರರಂಗದಲ್ಲಿ ಒಬ್ಬರೂ ಇಲ್ಲ. ಅವರು ಕೊಡುವ ಗುರುತಿನ ಚೀಟಿಗೂ ಬೆಲೆಯಿಲ್ಲ. ಕಾರ್ಮಿಕ ಸಂಘಗಳ ಸದಸ್ಯತ್ವದ ಮಾತು ಬೇರೆ. ಅದನ್ನು ಸಂಘದ ಕಚೇರಿಗೆ ನೀವೇ ಹೋಗಿ, ರಸೀದಿ ಪಡೆದು ಮಾಡಿಸಿಕೊಳ್ಳಬೇಕೇ ಹೊರತು ಮೊಬೈಲಿನಲ್ಲಿ ಬಂದವರ ಮೂಲಕ ಅಲ್ಲ. ಈಗಾಗಲೇ ಯಾರಾದರೂ ಹಣ ಕಳಿಸಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಲಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ನಿಮ್ಮ ವಯಸ್ಸು ಅಡ್ಡಿಯೆಂದು ಭಾವಿಸಬೇಡಿ. ಇಪ್ಪತ್ತರ ಹುಡುಗಿಯರು ಎಷ್ಟು ಬೇಕಾದರೂ ಬರುತ್ತಾರೆ. ಮುತ್ತೈದೆಯರಾಗಿ ಆರತಿ ತಟ್ಟೆ ಹಿಡಿದು ಸಹಜವಾಗಿ ನಿಲ್ಲಬಲ್ಲ, ಸೋಬಾನೆ ಪದ ಹೇಳಬಲ್ಲ ನಿಮ್ಮ ವಯಸ್ಸಿನವರು ಸಿಗುವುದು ಕಷ್ಟ. ಮದುವೆಯ ದೃಶ್ಯಕ್ಕೆ ನಿಮ್ಮದೇ ರೇಷ್ಮೆ ಸೀರೆ ತರಲು ಹೇಳಬಹುದು. ತರುವುದಾದರೆ ಹಳೆಯದನ್ನು ತನ್ನಿ, ಬಂಗಾರವನ್ನು ಮಾತ್ರ ಮನೆಯಲ್ಲೇ ಬಿಟ್ಟುಬನ್ನಿ. ಒಪ್ಪಿಕೊಳ್ಳುವ ಮೊದಲೇ ಕೇಳಬೇಕಾದದ್ದು ನಾಲ್ಕು: ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯೇ, ಶೌಚಾಲಯ ಎಲ್ಲಿದೆ, ಕೆಲಸ ಎಷ್ಟು ಗಂಟೆಯವರೆಗೆ, ಕತ್ತಲಾದರೆ ಮನೆಗೆ ಬಿಡುವ ವಾಹನ ಯಾರದು. ಇವನ್ನು ಕೇಳಿದರೆ ಏಜೆಂಟರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಮೊದಲ ಕೆಲವು ಸಲ ಪಕ್ಕದ ಮನೆಯವರೊಂದಿಗೆ ಜೊತೆಯಾಗಿಯೇ ಹೋಗುವ ನಿಮ್ಮ ಯೋಚನೆ ಸರಿಯಾಗಿದೆ. ಮನೆಯವರಿಗೆ ಸ್ಥಳ ಮತ್ತು ಮ್ಯಾನೇಜರ್ ಹೆಸರು ತಿಳಿದಿರಲಿ. ‘ಪಾತ್ರದ ಬಗ್ಗೆ ಮಾತನಾಡಬೇಕು’ ಎಂದು ಹೋಟೆಲ್ ಕೋಣೆಗೆ ಕರೆದರೆ ಅದು ಪಾತ್ರವಲ್ಲ. ಗುಂಪಿನ ಕಲಾವಿದರ ಜೊತೆ ಪಾತ್ರ ಚರ್ಚಿಸುವ ಪದ್ಧತಿಯೇ ಇಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ದಿನಗೂಲಿಯವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು, ಇಲ್ಲವಾದಲ್ಲಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181.

ಇನ್ನೊಂದು ಮಾತು ನೋಟ್‌ಬುಕ್ಕಿನದು. ನಾನು ದುಡಿದ ಒಂದು ಚಿತ್ರದಲ್ಲಿ ಹಣ ಮಧ್ಯದಲ್ಲೇ ನಿಂತುಹೋಗಿ, ಗುಂಪಿನ ಕಲಾವಿದರ ಎರಡು ದಿನದ ಕೂಲಿ ಬಾಕಿ ಉಳಿಯಿತು. ತಿಂಗಳುಗಳ ನಂತರ ನಿರ್ಮಾಪಕರು ಬಾಕಿ ತೀರಿಸಲು ಕುಳಿತಾಗ, ಬಂದವರ ಪಟ್ಟಿ ನಮ್ಮ ಕಚೇರಿಯಲ್ಲೇ ಕಳೆದುಹೋಗಿತ್ತು, ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖು, ಚಿತ್ರದ ಹೆಸರು, ಬಂದ ಮತ್ತು ಬಿಟ್ಟ ಗಂಟೆ, ಹೇಳಿದ ಮೊತ್ತ, ಹೇಳಿದವರ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದ ಒಬ್ಬ ಹೆಂಗಸು ಇದ್ದರು. ಅವರ ಆ ಒಂದು ಪುಟದಿಂದ ಅವರ ಜೊತೆ ಬಂದಿದ್ದ ಹನ್ನೊಂದು ಜನರಿಗೂ ಹಣ ಸಿಕ್ಕಿತು. ಸಿನಿಮಾ ಕಾರ್ಮಿಕರೊಂದಿಗೆ ಲಿಖಿತ ಒಪ್ಪಂದ ಇರಬೇಕೆಂದು 1981ರ ಕೇಂದ್ರ ಕಾಯ್ದೆಯೇ ಹೇಳಿತ್ತು, ಅದು ಸೇರಿಕೊಂಡಿರುವ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಹೇಳುತ್ತದೆ. ಒಂದು ದಿನಕ್ಕೆ ಬರುವ ಗುಂಪಿಗೆ ಅಂಥ ಕಾಗದ ಕೊಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ. ಕೊನೆಯಪಕ್ಷ ವಾಟ್ಸ್ಆಪ್‌ನಲ್ಲಿ ‘ನಾಳೆ ಇಷ್ಟು ಗಂಟೆಗೆ, ಇಂಥ ಕಡೆ, ಇಷ್ಟು ಮೊತ್ತಕ್ಕೆ ಬರುತ್ತಿದ್ದೇನೆ’ ಎಂದು ನೀವೇ ಬರೆದು ಕಳಿಸಿ, ಅವರಿಂದ ‘ಸರಿ’ ಎನ್ನಿಸಿಕೊಳ್ಳಿ. ಚಿತ್ರಮಂದಿರದ ಟಿಕೆಟ್‌ಗಳ ಮೇಲಿನ ಸೆಸ್‌ನಿಂದ ನಿಧಿ ಕೂಡಿಸಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆ ಬಳಸುವ ಕಾಯ್ದೆಯನ್ನು ರಾಜ್ಯ ಸರ್ಕಾರ 2024ರಲ್ಲಿ ತಂದಿದೆ. ಅದರ ಸೌಲಭ್ಯ ಕೇಳುವ ದಿನ ಬಂದಾಗಲೂ ನೀವು ದುಡಿದಿದ್ದಿರಿ ಎನ್ನುವುದಕ್ಕೆ ಈ ಪುಟಗಳೇ ನೆರವಾಗಬಹುದು.

ಪ್ರಶ್ನೆ: ಶ್ರೀರಂಗಪಟ್ಟಣದವನು. ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆಯ ನಾಟಕದಲ್ಲಿ ಅವಳನ್ನು ನೋಡಿದ ಒಬ್ಬರು ಸಿನಿಮಾದಲ್ಲಿ ಇಪ್ಪತ್ತು ದಿನದ ಪಾತ್ರಕ್ಕೆ ಕೇಳಿದ್ದಾರೆ. ಕಳಿಸಬಹುದೇ?

ಉತ್ತರ: ಕಳಿಸಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ, ಆದರೆ ಹೊಣೆಯನ್ನೆಲ್ಲ ಚಿತ್ರತಂಡಕ್ಕೆ ಬಿಟ್ಟುಬಿಡುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಯ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು. ಸತತವಾಗಿ 27 ದಿನ ಮೀರಬಾರದು. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಸಂಭಾವನೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು, ಓದು ನಿಲ್ಲಬಾರದು. ಆ ಅನುಮತಿ ಪತ್ರದ ಪ್ರತಿಯನ್ನು ಕೇಳಿ ನೋಡಿ. ‘ಅದೆಲ್ಲ ನಾವು ನೋಡ್ಕೋತೀವಿ ಬಿಡಿ’ ಎಂಬ ಉತ್ತರ ಬಂದರೆ ಅನುಮತಿ ಇಲ್ಲವೆಂದು ತಿಳಿಯಿರಿ. ಇಪ್ಪತ್ತು ದಿನವೂ ನೀವೋ ಅವಳ ತಾಯಿಯೋ ಸೆಟ್ಟಿನಲ್ಲಿರಬೇಕಾಗುತ್ತದೆ, ಆ ದಿನಗಳ ನಿಮ್ಮ ದುಡಿಮೆಯ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮತ್ತೆ, ಮಗಳನ್ನೂ ಒಮ್ಮೆ ಕೇಳಿ. ನಿಮ್ಮ ಪತ್ರದಲ್ಲಿ ಅವಳ ಮಾತು ಎಲ್ಲೂ ಇರಲಿಲ್ಲ.

ಪ್ರಶ್ನೆ: ನಾನು ಮೈಸೂರಿನಲ್ಲಿ ಮರಗೆಲಸ ಮತ್ತು ಪೇಂಟಿಂಗ್ ಮಾಡುತ್ತೇನೆ. ಮೈಸೂರಿಗೆ ಫಿಲ್ಮ್ ಸಿಟಿ ಬರುತ್ತದೆ, ಬಂದರೆ ನಮಗೆಲ್ಲ ಕೆಲಸ ಸಿಗುತ್ತದೆ ಎನ್ನುತ್ತಾರೆ. ಅಲ್ಲಿಯವರೆಗೆ ಕಾಯುವುದೇ?

ಉತ್ತರ: ಫಿಲ್ಮ್ ಸಿಟಿಗೆ ಮೈಸೂರಿನಲ್ಲಿ 150 ಎಕರೆ ಜಮೀನು ಒದಗಿಸಿ, ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿ ವೆಚ್ಚದಲ್ಲಿ ಅಭಿವೃದ್ಧಿಪಡಿಸುವುದಾಗಿ 2025–26ರ ರಾಜ್ಯ ಬಜೆಟ್ಟಿನಲ್ಲಿ ಹೇಳಲಾಗಿದೆ. ಬರಲಿ, ಸಂತೋಷ. ಆದರೆ ಈ ಊರಿಗೆ ಫಿಲ್ಮ್ ಸಿಟಿಯ ಮಾತು ಹೊಸದಲ್ಲ; ಎಷ್ಟೋ ವರ್ಷದಿಂದ ಕೇಳುತ್ತಿದ್ದೇವೆ. ಅದಕ್ಕಾಗಿ ನಿಮ್ಮಂಥ ಕಸುಬುದಾರರು ಒಂದು ದಿನವನ್ನೂ ಕಾಯಬೇಕಾಗಿಲ್ಲ, ಏಕೆಂದರೆ ಈ ಅಂಕಣಕ್ಕೆ ಬರೆದವರಲ್ಲೆಲ್ಲ ನಾಳೆಯೇ ಕೆಲಸ ಸಿಗುವ ಸಾಧ್ಯತೆ ಹೆಚ್ಚಿರುವುದು ನಿಮಗೆ. ಕಲಾ ವಿಭಾಗಕ್ಕೆ ಬಡಗಿಗಳು, ಬಣ್ಣ ಬಳಿಯುವವರು, ಗಾರೆಯವರು ಬೇಕೇ ಬೇಕು. ಚಿತ್ರೀಕರಣ ಇಲ್ಲಿ ನಡೆಯುವಾಗ ಎಲ್ಲರನ್ನೂ ಬೆಂಗಳೂರಿನಿಂದ ಕರೆತರುವುದಿಲ್ಲ. ನಿಮ್ಮ ಕೈ ಒಂದಿಷ್ಟು ಬದಲಾಗಬೇಕಾಗುತ್ತದೆ. ಮನೆಯ ಬಾಗಿಲು ಐವತ್ತು ವರ್ಷ ಬಾಳಬೇಕು, ಸೆಟ್ಟಿನ ಬಾಗಿಲು ಐದು ದಿನ ಬಾಳಿದರೆ ಸಾಕು, ಆದರೆ ಒಂದು ರಾತ್ರಿಯಲ್ಲಿ ಆಗಬೇಕು, ನೂರು ವರ್ಷ ಹಳೆಯದಾಗಿ ಕಾಣಬೇಕು. ಹೊಸ ಪ್ಲೈವುಡ್ಡಿಗೆ ಹೊಗೆ ಹಿಡಿದ ಅಡುಗೆಮನೆಯ ಬಣ್ಣ ತರಿಸುವುದು, ಗೋಡೆಗೆ ಮಳೆನೀರಿನ ಕಲೆ ಬರೆಯುವುದು, ಇವನ್ನು ಕಲಿತವರಿಗೆ ಬೇಡಿಕೆ ಇದೆ. ಕಲಾ ವಿಭಾಗದ ಸಹಾಯಕರನ್ನು ಪರಿಚಯ ಮಾಡಿಕೊಳ್ಳಲು ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಚಿತ್ರಕಲೆ, ಶಿಲ್ಪ ಓದುತ್ತಿರುವ ಹುಡುಗರನ್ನು ವಿಚಾರಿಸಿ. ಚಿತ್ರರಂಗದ ಕಡೆ ಹೋದ ಹಿರಿಯ ವಿದ್ಯಾರ್ಥಿ ಒಬ್ಬರಾದರೂ ಅವರಿಗೆ ಗೊತ್ತಿರುತ್ತಾರೆ.

ಸುರಕ್ಷತೆಯ ಮಾತನ್ನು ನಿಮಗೇ ವಿಶೇಷವಾಗಿ ಹೇಳಬೇಕಾಗಿದೆ. ಹುಣಸೂರು ರಸ್ತೆಯಲ್ಲಿ 1954ರಿಂದ ಇದ್ದ ಪ್ರೀಮಿಯರ್ ಸ್ಟುಡಿಯೊ ಮೈಸೂರಿನ ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟ ಜಾಗ. 1989ರ ಫೆಬ್ರುವರಿ 8ರಂದು ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಅಲ್ಲಿ ಹತ್ತಿದ ಬೆಂಕಿಗೆ 60ಕ್ಕೂ ಹೆಚ್ಚು ಜನ ಬಲಿಯಾದರು. ಗೋಡೆಗಳಿಗೆ ಹೊದಿಸಿದ್ದ ಗೋಣಿತಾಟು, ದೊಡ್ಡ ದೀಪಗಳ ಶಾಖ, ಸಡಿಲ ವೈರಿಂಗ್, ಗಾಳಿಕಿಂಡಿಗಳಿಲ್ಲದ ಒಳಾಂಗಣ, ಬೆಂಕಿ ಆರಿಸಲು ಮರಳು ಮತ್ತು ನೀರು ಬಿಟ್ಟರೆ ಬೇರೆ ಸಿದ್ಧತೆಯಿಲ್ಲದ್ದು, ಇವೆಲ್ಲ ಕಾರಣಗಳೆಂದು ಆಗ ಹೊರಬಂದವು. ಪರದೆಯ ಮೇಲೆ ನಮಗೆ ಗುರುತು ಸಿಗದಂಥ ಜನರೇ ಇಂಥ ದುರಂತಗಳಲ್ಲಿ ಹೆಚ್ಚಾಗಿ ಸಾಯುತ್ತಾರೆ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಮುಳುಗಿ ಮೃತಪಟ್ಟ ಮೇಲೂ, ವಿಶ್ವೇಶ್ವರಯ್ಯ ನಾಲೆಯ ದಂಡೆಯಲ್ಲಿ ‘ಸ್ವಲ್ಪ ನೀರಿಗೆ ಇಳೀರಿ, ಏನಾಗಲ್ಲ’ ಎಂದು ಈಜು ಬಾರದ ಹುಡುಗರಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಇಳಿಯದ ಹುಡುಗನ ಕೂಲಿಯನ್ನು ಅಂದು ಕಡಿಯಲು ನೋಡಿದರು; ಜಗಳವಾಡಿ ಕೊಡಿಸಬೇಕಾಯಿತು. ನೀವು ಒಳಾಂಗಣದ ಸೆಟ್ ಕಟ್ಟುವವರಾದ್ದರಿಂದ, ಎರಡನೆಯ ಬಾಗಿಲು ಎಲ್ಲಿ ಬಿಡಬೇಕು, ವೈರು ಹಾಯುವ ಜಾಗದಲ್ಲಿ ಬಟ್ಟೆ, ಥರ್ಮಾಕೋಲ್ ಬಾರದಂತೆ ಹೇಗೆ ಮಾಡಬೇಕು ಎಂದು ಕಲಾ ನಿರ್ದೇಶಕರನ್ನು ಮೊದಲ ದಿನವೇ ಕೇಳಿ. ಕೆಲಸ ಅರ್ಧವಾದ ಮೇಲೆ ಕೇಳಿದರೆ ಗೋಡೆ ಒಡೆಯಲು ಯಾರೂ ಒಪ್ಪುವುದಿಲ್ಲ.

ಸದ್ಯಕ್ಕೆ ನೀವು ಮಾಡಿರುವ ಕೆಲಸಗಳಲ್ಲಿ ಹಳೆಯದರಂತೆ ಕಾಣುವ ಒಂದು ಬಾಗಿಲು, ಒಂದು ಕಂಬ, ಒಂದು ಗೋಡೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಅಂಥದ್ದು ಇಲ್ಲದಿದ್ದರೆ ಉಳಿದ ಪ್ಲೈವುಡ್ ತುಂಡಿನ ಮೇಲೆ ಈ ವಾರವೇ ಒಂದನ್ನು ಮಾಡಿ. ಆಷಾಢ ಕಳೆದು ಶ್ರಾವಣ ಬಂದರೆ ಮುಹೂರ್ತಗಳು ಸಾಲುಗಟ್ಟುತ್ತವೆ. ಸೆಟ್ಟಿನ ಕೆಲಸಕ್ಕೆ ಜನರನ್ನು ಹುಡುಕುವುದು ಅದಕ್ಕೂ ಎರಡು ಮೂರು ವಾರ ಮುಂಚೆ. ಆ ಹೊತ್ತಿಗೆ ನಿಮ್ಮ ಚಿತ್ರಗಳು ಕಲಾ ವಿಭಾಗದ ಇಬ್ಬರು ಮೂವರ ಮೊಬೈಲಿನಲ್ಲಿರಲಿ.